ಎಡಗೈಯ ಬಿಸಿ

ನಮ್ಮ ಆಟದ ಪೆಟ್ಟಿಗೆಗೆ ‘ಕೊಹಾರು’ ಎಂದು ಹೆಸರಿಟ್ಟಿದ್ದೆವು:
ಚಳಿಯ ನಡುವೆ ದಾರಿ ತಪ್ಪಿ ಬಂದ
ನಾಲ್ಕು ದಿನದ ವಸಂತ.
ಎಡಗೈ ಹಿಡಿಯುವಲ್ಲಿ, ಪ್ಲಾಸ್ಟಿಕ್ಕಿನ ತೊಗಲಿನ ಕೆಳಗೆ,
ನನ್ನದೊಂದು ತಗಡು, ಅಂಚೆಚೀಟಿಯಷ್ಟು.
ಆಟದೊಳಗೆ ಬೆಂಕಿ ಹತ್ತಿರವಾದರೆ ಬಿಸಿ,
ಹೊಳೆಗಿಳಿದರೆ ತಂಪು.
ಅಷ್ಟೇ.
ಅಷ್ಟಕ್ಕೆ ಆರು ವರ್ಷ.

ಎದುರಾಳಿಗಳ ಪೆಟ್ಟಿಗೆಯಲ್ಲಿ
ಹುಲ್ಲಿನ ಎಸಳು ಎಸಳೂ ಬೇರೆ ಬೇರೆ ಅಲುಗುತ್ತಿತ್ತು.
ನಮ್ಮದರಲ್ಲಿ ಹುಲ್ಲು ಅಂದರೆ ಹಸಿರು ಚಾಪೆ.

‘ಅವರ ಓಟ ನಾವು ಓಡಲಾರೆವು,’ ಅಂದರು ಕುರೊಸು ಮಿತ್ಸುಯೊ,
ವಿಭಾಗದ ಮುಖ್ಯಸ್ಥೆ, ಒಸಾಕಾದ ಆರನೇ ಮಹಡಿಯಲ್ಲಿ
ಬಾರ್ಲಿ ಚಹಾ ಆರಲು ಬಿಟ್ಟು.
‘ಬೇರೆ ದಾರಿ ಹಿಡಿಯೋಣ. ಅಲ್ಲಿ ಓಡುವವರು ನಾವೊಬ್ಬರೇ.’
ಒಬ್ಬರೇ ಓಡುವ ದಾರಿಯಲ್ಲಿ
ಗೆದ್ದದ್ದು ಗೊತ್ತಾಗುವುದು ಹೇಗೆ?
ಕೇಳಬೇಕಿತ್ತು.
ತಲೆ ತಗ್ಗಿಸಿ ಬೆಸುಗೆ ಹಾಕುತ್ತಿದ್ದೆ.

ನವೆಂಬರಿನ ಒಂದು ಗುರುವಾರ ನಾವು ಅಂಗಡಿಗೆ ಬಂದೆವು.
ಅಂದೇ ಬೆಳಿಗ್ಗೆ ಅವರು ಐದು ಸಾವಿರ ಯೆನ್ ಇಳಿಸಿದರು.

ಆಟ ಬರೆಯುವವರ ಬಾಗಿಲಿಗೆ ಅಲೆದೆ.
ಫುಕುಒಕಾದಲ್ಲಿ ತೊಕುನಾಗಾ ಎಂಬ ಹುಡುಗ
ಬಾಗಿ ವಂದಿಸಿ, ಕಾಫಿ ಕೊಟ್ಟು, ಹೇಳಿದ:
‘ಒಂದೇ ಆಟವನ್ನು ಮೂರು ಪೆಟ್ಟಿಗೆಗೆ ಮಾರಬೇಕು ನಾವು.
ಎರಡಕ್ಕೆ ಶಾಖದ ಗಂಧವಿಲ್ಲ.
ನಿಮ್ಮೊಬ್ಬರಿಗೆ ಬೇರೆ ಒಲೆ ಹೂಡಲೇ?’
ಅವನದೇನೂ ತಪ್ಪಿರಲಿಲ್ಲ.
ಹಲ್ಲಿದ್ದವನಿಗೆ ಕಡಲೆಯಿಲ್ಲ ಅಂತಾರೆ;
ನಮಗಿದ್ದದ್ದೇ ಒಂದು ಹಲ್ಲು.
ಲಿಫ್ಟಿನವರೆಗೆ ಬಂದವನು ಏನನ್ನಿಸಿತೋ, ಅಂದ:
‘ಒಂದು ಗುಹೆಗೆ ಮಾತ್ರ ಹಾಕಿಕೊಡುತ್ತೇನೆ, ನಿಮ್ಮ ಮುಖ ನೋಡಿ.’

ಜನವರಿಯಲ್ಲಿ ಮಾರಾಟದ ನಕ್ಷೆಯ ಉತ್ತರದ ತುದಿ
ಇದ್ದಕ್ಕಿದ್ದಂತೆ ಕೆಂಪಾಯಿತು. ಬಿಯರ್ ತರಿಸಿದೆವು.
ಆಮೇಲೆ ಯಾರೋ ಅಸಾಹಿಕಾವಾಗೆ ಹೋಗಿ ನೋಡಿ ಬಂದರು:
ಹಿಮದ ಬಸ್‌ಸ್ಟಾಪಿನಲ್ಲಿ ಶಾಲೆಯ ಮಕ್ಕಳು,
ಆಟದ ಚಿಪ್ಪು ಹಾಕದೆಯೇ ಪೆಟ್ಟಿಗೆ ಹಚ್ಚಿ
ಕೋಟಿನ ಜೇಬಿಗೆ ಇಳಿಸಿಕೊಂಡು ನಿಂತಿದ್ದಾರೆ.
ನಮ್ಮ ಬ್ಯಾಟರಿ ಒಂದೂವರೆ ಗಂಟೆ.
ಔಷಧಿ ಅಂಗಡಿಯ ಕಬ್ಬಿಣಪುಡಿಯ ಪೊಟ್ಟಣ
ಮೂವತ್ತು ಯೆನ್ನಿಗೆ ಹತ್ತು ಗಂಟೆ ಬಿಸಿಯಿರುತ್ತದೆ.
ಮಕ್ಕಳು ಲೆಕ್ಕದಲ್ಲಿ ಹಿಂದೆ ಬೀಳುವವರಲ್ಲ.
ಮಾರ್ಚಿಗೆ ನಕ್ಷೆ ಮತ್ತೆ ಬಿಳಿ.

ಈಗ ನಾನಿರುವುದು ಕಮೋಡಿನ ಸೀಟು ಮಾಡುವ ಕಂಪನಿಯಲ್ಲಿ.
ಅದೇ ತಗಡು, ಕೊಂಚ ದೊಡ್ಡದು, ಬಾಗಿದ್ದು.
ಇದರಿಂದ ಗೆಲ್ಲುತ್ತೇವೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.
ಎಲ್ಲರ ಸೀಟೂ ಬಿಸಿಯೇ.
ಬಿಸಿಯಿಲ್ಲದಿದ್ದರೆ ಮಾತ್ರ ಫೋನು ಬರುತ್ತದೆ.

ಹಳೆಯ ಕಚೇರಿ ಖಾಲಿ ಮಾಡುವಾಗ
ಒಂದು ಕಾರ್ಡು ಮಾತ್ರ ಕಿಸೆಗೆ ಹಾಕಿಕೊಂಡೆ.
ನೆಮುರೊದಿಂದ, ಪೆನ್ಸಿಲ್ಲಿನಲ್ಲಿ,
ಶಿಯೊಮಿ ಇತೊಹಾ, ನಾಲ್ಕನೇ ತರಗತಿ:

‘ಮೂರನೇ ಗುಹೆಯಲ್ಲಿ ಪರದೆ ಪೂರ್ತಿ ಕಪ್ಪು.
ಡ್ರ್ಯಾಗನ್ ಬರುವ ಮೊದಲೇ ನನ್ನ ಎಡಗೈಗೆ ತಿಳಿಯುತ್ತದೆ.
ಅಣ್ಣನ ಪೆಟ್ಟಿಗೆ ಬೇರೆ ಕಂಪನಿಯದು. ಅವನು ಸಾಯುತ್ತಾನೆ.
ನಾನು ಸಾಯುವುದಿಲ್ಲ.
ಇದು ಮೋಸವೇ?
ದಯವಿಟ್ಟು ತಿಳಿಸಿ. ಅಣ್ಣ ಜಗಳಕ್ಕೆ ಬರುತ್ತಾನೆ.’

ಕಾರ್ಡಿನ ಮೂಲೆಗೆ ಗ್ರಾಹಕ ವಿಭಾಗದ ನೀಲಿ ಮುದ್ರೆ:
ಉತ್ತರ ಬಾಕಿ.
ಆ ಹುಡುಗಿಗೀಗ ಇಪ್ಪತ್ತು ದಾಟಿರಬೇಕು.

ನಿನ್ನೆ ಅವರ ಹೊಸ ಪೆಟ್ಟಿಗೆ ತಂದೆ, ಸಂಬಳದ ದಿನ.
ಹುಲ್ಲಿನ ಮೇಲೆ ಇಬ್ಬನಿ, ಇಬ್ಬನಿಯೊಳಗೆ ಚಂದ್ರ.
ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ: ಅದ್ಭುತ.
ಹಳೆಯ ಆಟವನ್ನೇ ಹೊಸ ಬಣ್ಣ ಬಳಿದು ಮಾರುತ್ತಿದ್ದಾರೆ,
ಮೂರನೇ ಗುಹೆ ಹಾಗೇ ಇದೆ, ಕಪ್ಪು.
ಇಳಿದೆ.
ಕಾಯುವ ತಗಡು ಅದರಲ್ಲಿಲ್ಲ;
ಎಡಗೈ ಮಾತ್ರ ಕಾಯುತ್ತಲೇ ಇತ್ತು.
ಮೂರು ಸಲ ಸತ್ತೆ.