ಬುಧವಾರದ ಪಾಳಿ

ಕರಾರು ಪತ್ರದಾಗ ಬಾಡಿಗಿದಾರರ ಹೆಸರಿಗಂತ
ಬಿಟ್ಟಿದ್ದು ಒಂದ ಗೆರಿ.
ಅದರಾಗ ಏಳು ಸಹಿ ತುರುಕಿದಿವಿ.
ಸೋನಾಬಾಯಿ ರಾಠೋಡಳ ಕೊನೀ ಅಕ್ಷರ
ಛಾಪಾದ ಮ್ಯಾಲ ಹತ್ತಿ ಕುಂತಿತು.
"ಜವಾಬ್ದಾರಿಗೆ ಗಂಡಸರು ಯಾರೂ ಇಲ್ಲೇನ್ರಿ?"
ಮಾಲಕ ಹುಂಡೇಕಾರ ಕಾಕಾ ಕೇಳಿದ.
"ಅದಾರ್ರಿ, ಊರಾಗ" ಅಂದಳು ಬೀಬಿಜಾನ,
"ಅವರ ಜವಾಬ್ದಾರೀನೂ ನಮ್ಮ ಮ್ಯಾಲೇ ಐತಿ."

ತೊರವಿ ರಸ್ತೆ, ಎರಡು ಖೋಲಿ, ಒಂದು ಪಡಸಾಲಿ,
ನಳ ಎಂಟು ದಿನಕ್ಕೊಮ್ಮಿ.
ವಿಜಾಪುರದ ಬಿಸಿಲಿಗೆ ಕಾದ ಮಾಳಿಗಿ
ರಾತ್ರಿ ಒಂಬತ್ತಕ್ಕೂ ಹಂಚಿನಂಗ ಇರತಿತ್ತು;
ಅದರ ಮ್ಯಾಲೇ ಸಭೆ, ಪ್ರತಿ ಆಯಿತವಾರ.
ಮೊಳಿಗೆ ದಾರ, ದಾರಕ್ಕ ಪೆನ್ನು, ನೂರು ಪುಟದ ವಹಿ.
ಠರಾವು ಹನ್ನೊಂದು:
ಬಚ್ಚಲದಾಗ ಹತ್ತು ನಿಮಿಷಕ್ಕಿಂತ ಹೆಚ್ಚು ಅಳಬಾರದು,
ಹೊರಗ ಬಂದು, ಎಲ್ಲಾರ ಮುಂದ ಅಳಬೇಕು.
ನಾಕು ಪರ, ಮೂರು ವಿರೋಧ. ಪಾಸಾತು.

ಜೋಳ ಅವರವರ ಊರಿಂದ.
ಇಂಡಿ, ಸಿಂದಗಿ, ನಿಡಗುಂದಿ, ತಾಂಡಾದ ಸಜ್ಜಿ ಸೈತ
ಒಂದ ಡಬ್ಬ್ಯಾಗ ಬಿದ್ದು, ಒಂದ ಗಿರಣ್ಯಾಗ ಬೀಸಿ
ಒಮ್ಮೊಮ್ಮಿ ಹಿಟ್ಟಿಗೆ ಜಿಗೀನೇ ಇರತಿರಲಿಲ್ಲ.
ರೊಟ್ಟಿ ಹಂಚಿಗೆ ಹೋಗೂದರಾಗ ಹರದು ನಾಕಾಗಿ
"ಯಾರ ಊರಿನ ಜೋಳಾ ಇದು?" ಅಂತ ಶುರುವಾದ ಜಗಳ
ಯಾರ ಊರಿನ ಹುಡುಗ್ಯಾರು ಹೆಂಗ ಅನ್ನೂತನಕ ಹೋಗಿ
ಮೂರು ದಿನ ಮಾತಿಲ್ಲ.
ಪಾಳಿ ಮಾತ್ರ ತಪ್ಪಲಿಲ್ಲ.
ಸಿಟ್ಟಿನಾಗ ಬಡದ ರೊಟ್ಟಿ ಭಾಳ ತೆಳ್ಳಗ ಬರತಾವ.

ಬುಧವಾರ ದಾನವ್ವಂದು.
ನಾಲತವಾಡದಕಿ, ಸಂಖ್ಯಾಶಾಸ್ತ್ರ, ಎಡಗೈಯಿಂದ ಬಡಿಯಾಕಿ.
ಲೆಕ್ಕಾನೂ ಅಕಿದೇ.
ಏಳರಿಂದ ಯಾವ ರೊಕ್ಕಾನೂ ಸರಳ ಭಾಗ ಹೋಗೂದಿಲ್ಲ,
ಉಪ್ಪಿಂದಿರಲಿ, ಗ್ಯಾಸಿಂದಿರಲಿ, ಏನರ ಉಳೀತದ.
ಆ ಉಳದ ಪೈಸಾದ ಮುಂದ
ಯಾರ ಹೆಸರೂ ಹಾಕದ 'ಮನೀದು' ಅಂತ ಬರೀತಿದ್ದಳು.
ಮಾರ್ಚಿನಾಗ ಆ 'ಮನೀದು'ರಿಂದ
ಪಾವಟಿಗಿಗೆ ಒಂದು ಬಲ್ಬು ಬಂತು.

ಮೂರನೇ ಸೆಮಿಸ್ಟರಿನಾಗ ಅಕಿಗೆ ಟಪಾಲು ನೌಕರಿ ಬಂತು.
ಯಾವದೋ ಹಳ್ಳಿ, ಒಂದ ಖುರ್ಚಿ, ಒಂದ ಸಿಕ್ಕಾ.
ನಾವು ಖುಷಿ ಪಡಲಿಲ್ಲ; ಸುಳ್ಳ ಯಾಕ ಹೇಳಲಿ.
"ನನ್ನ ಅಮಾನತು ಎರಡು ಸಾವಿರ ಕೊಡ್ರೆ,
ಸೈಕಲ್ ತಗೋಬೇಕು, ಐದು ಹಳ್ಳಿ ಸುತ್ತಬೇಕು."
ಅವತ್ತು ಬುಧವಾರ. ಒಲಿ ಮುಂದೇ ಸಭೆ ಕೂಡಿತು.
ವಹಿ ತಗದಿವಿ. ಠರಾವು ನಾಕು, ಅಕಿದೇ ಅಕ್ಷರ:
ನಡುವ ಬಿಟ್ಟು ಹೋದವರಿಗೆ ವರ್ಷದ ಕೊನೀಗೇ.
ಮೂರು ಕೈ ಕೊಡೋಣು ಅಂದ್ವು, ಮೂರು ಬ್ಯಾಡ ಅಂದ್ವು.
"ನಂದೂ ಒಂದ ಓಟು ಐತಲ್ಲ ಇನ್ನ" ಅಂದಳು ದಾನವ್ವ.
ಹಿಟ್ಟು ಹತ್ತಿದ ಎಡಗೈ
ಬ್ಯಾಡ ಅನ್ನವರ ಕೂಡ ಎತ್ತಿದಳು.

ಆ ಕೈಗಳಾಗ ಒಂದು ನಂದು.
ಇಳಸಬೇಕನ್ನೂದರಾಗ ಎಣಿಕಿ ಮುಗದಿತ್ತು.

ಅಕಿ ಜಾಗಕ್ಕ ಹೊಸಾಕಿ ಬಂದಳು,
ಬಂದಾಕೀನೇ ತನಗ ಬ್ಯಾರೆ ವಾರ ಕೇಳಿಕೊಂಡಳು.
ಬುಧವಾರ ಹಂಚು ಯಾರೂ ಇಡಲಿಲ್ಲ.
ಅದಕ್ಕ ಠರಾವು ಆಗಿರಲಿಲ್ಲ.
ಸುಸಲಾ ತಿಂದು ಮಲಗತಿದ್ದಿವಿ.

ಒಂದಿನ ಕಾರ್ಡು. ಅಕಿ ಹೊಡದ ಸಿಕ್ಕಾನೇ,
ದುಂಡಗ, ಕರ್ರಗ, ಎಡಕ್ಕ ಸ್ವಲ್ಪ ಓರಿ:
"ಮನೀದು ಖಾತ್ಯಾಗ ಹದಿನಾಲ್ಕು ರೂಪಾಯಿ ಎಂಟಾಣೆ ಇರಬೇಕು.
ನೋಡಕೊಳ್ರಿ.
ನಡಕೋತ ಹೊಂಟೀನಿ. ದಾರಿ ಚಲೋ ಐತಿ."

ಈಗ ನನಗೊಂದು ಮನಿ ಐತಿ.
ಉತಾರದಾಗ ಒಂದ ಹೆಸರು, ಅದು ನಂದಲ್ಲ.
ವಹಿ ಇಲ್ಲ, ಮೊಳಿ ಇಲ್ಲ, ದಿನಾ ಪಾಳಿ ನಂದೇ.
ಬಚ್ಚಲದಾಗ ಎಷ್ಟ ಹೊತ್ತು ನಿಂತರೂ
ಯಾರೂ ಬಾಗಲಾ ಬಡಿಯೂದಿಲ್ಲ.

ಬುಧವಾರ ಮಾತ್ರ ಹಿಟ್ಟು ಮುಟ್ಟೂದಿಲ್ಲ ನಾ.
"ಯಾ ದೇವರ ವಾರನವಾ ಇದು?" ಅತ್ತಿ ಕೇಳತಾರ.
"ದಾನವ್ವಂದ್ರಿ" ಅಂತೀನಿ.
ಅತ್ತಿ ಸೆರಗು ತಲಿಮ್ಯಾಲ ಹೊತ್ತು
ಗುಡ್ಡಾಪುರದ ಕಡೆ ಮಾರಿ ಮಾಡಿ
ಕೈ ಮುಗೀತಾರ.