ಕೊನೇ ರೀಲು

ಕೊಲೆಗಾರ ಯಾರೆಂದು
ಎರಡನೇ ರೀಲಿಗೇ ಗೊತ್ತಾಗುತ್ತಿತ್ತು.
ಶೇಂಗಾ ಮಾರುವ ಪುರಸು ಕತ್ತಲಲ್ಲೇ ಕೂಗುತ್ತಿದ್ದ:
"ಗಂಡನೇ ಮಾರಾಯಾ, ಬರೆದಿಟ್ಕೋ!"

ಒಕ್ಕಣ್ಣಿನ ಮಾಲಿ ಇದ್ದದ್ದೇ ಅನುಮಾನ ಹೊರಲಿಕ್ಕೆ.
ಕರಿಬೆಕ್ಕಿಗೆ ಬೇರೆ ಕೆಲಸವಿರಲಿಲ್ಲ.
ಪಿಟೀಲು ಕೊಯ್ಯಿತೆಂದರೆ ಮೆಟ್ಟಿಲು,
ಮೆಟ್ಟಿಲೆಂದರೆ ಬಿಳಿ ಸೀರೆ, ಮೇಣಬತ್ತಿ,
ಆಮೇಲೆ ಗಾಳಿ. ಬತ್ತಿ ಆರಲೇಬೇಕು.
ಇನ್ಸ್‌ಪೆಕ್ಟರ್ ಒಬ್ಬನಿಗೇ
ಹನ್ನೆರಡು ರೀಲು ಬೇಕಾಯಿತು.

ಗಂಡ ಮಾತ್ರ ಬಲು ಮೆತ್ತಗೆ ಮಾತಾಡುತ್ತಿದ್ದ.
ರಾತ್ರಿ ಎದ್ದು ಗೋಡೆಗಡಿಯಾರದ ಮುಳ್ಳು
ಒಂದು ತಾಸು ಹಿಂದೆ ತಿರುಗಿಸುವನು,
ಬೆಳಿಗ್ಗೆ ಅವಳ ತಲೆ ಸವರಿ,
"ನಿನಗೆ ಏನೂ ನೆನಪಿರೋದಿಲ್ಲ, ರಾಣಿ" ಎನ್ನುವನು.
ಗಂಡಸರ ಕಡೆ ಸಿಳ್ಳೆ, ಬೈಗುಳ.
ಪರದೆಯಾಚೆ ಹೆಂಗಸರ ಬೆಂಚುಗಳಲ್ಲಿ
ಯಾರೂ ಬೆಚ್ಚುತ್ತಿರಲಿಲ್ಲ.
ಬಳೆ ಕೂಡ ಸದ್ದು ಮಾಡುತ್ತಿರಲಿಲ್ಲ.

ನಾನು ಕಾರವಾರದ ಆ ತಗಡಿನ ಟಾಕೀಸಿನಲ್ಲಿ
ಬ್ಯಾಟರಿ ಹಿಡಿದು ಜಾಗ ತೋರಿಸುವ ಹುಡುಗ.
ಸಿನಿಮಾ ನೋಡಿದ್ದು ಕಡಿಮೆ,
ನೋಡುವವರನ್ನು ನೋಡಿದ್ದೇ ಹೆಚ್ಚು.

ಕಾಳಿಯಾಚೆ ಸದಾಶಿವಗಡದ ಟೆಂಟಿಗೂ ನಮಗೂ
ಒಂದೇ ಪ್ರಿಂಟು.
ಅಲ್ಲಿ ಮುಗಿದ ರೀಲು ಡಬ್ಬಿಯಲ್ಲಿ ಕೂತು
ಮೀನುಬುಟ್ಟಿಗಳ ನಡುವೆ ಲಾಂಚಿನಲ್ಲಿ ಬರಬೇಕು.
ಒಂದು ಗುರುವಾರ ಇಳಿತದಲ್ಲಿ
ಲಾಂಚು ಮರಳದಿಣ್ಣೆಗೆ ಸಿಕ್ಕಿತು.
ಹನ್ನೊಂದು ರೀಲು ಮುಗಿದು ಪರದೆ ಬೆಳ್ಳಗಾಯಿತು.
ಇನಾಸ್ ಮಾಮ ಮೇಲಿನ ಕಿಂಡಿಯಿಂದ ತಲೆ ಹಾಕಿ
"ಅರ್ಧ ತಾಸು, ಸುಮ್ಮನಿರಿ" ಎಂದ.

ಯಾರು ಸುಮ್ಮನಿರುತ್ತಾರೆ?
ಪುರಸು ಬೆಂಚು ಹತ್ತಿ ಗಂಡನಾದ,
ಕಸ್ಟಮ್ಸಿನ ಜವಾನ ಇನ್ಸ್‌ಪೆಕ್ಟರನಾದ,
ಯಾರದೋ ಲುಂಗಿ ಬಿಳಿ ಸೀರೆಯಾಯಿತು.
ನಿಜವಾದ ಕೊನೆಗಿಂತ ಚೆನ್ನಾಗಿತ್ತು.

ಆ ಗದ್ದಲದಲ್ಲಿ ಪರದೆ ಸರಿಸಿ
ಮಾಲಿನಿಬಾಯಿ ನನ್ನನ್ನು ಕರೆದರು.
ಬಂದರು ಕಚೇರಿಯ ಹೆಡ್ ಕ್ಲಾರ್ಕ್ ತಳೇಕರರ ಹೆಂಡತಿ.
ಉಪ್ಪಿನಕಾಯಿಗೆ ಎರಡು ಸಲ ಉಪ್ಪು ಹಾಕುವಾಕೆ,
ಬಾಗಿಲ ಚಿಲಕ ಮರೆಯುವಾಕೆ,
ಪಾಪ, ತಲೆ ಸರಿಯಿಲ್ಲ ಎಂದು
ಊರಿಗೆ ಗೊತ್ತಿತ್ತು. ಹೇಳಿದವರು ತಳೇಕರರೇ,
ಬಲು ಮೆತ್ತಗೆ.

"ತಮ್ಮಾ, ಗಂಟೆ ಎಷ್ಟು?"
"ಎಂಟೂ ಇಪ್ಪತ್ತು, ಬಾಯಿ."
ಅವರು ಬೆರಳು ಮಡಚಿ ಏನೋ ಎಣಿಸಿದರು.
"ನಾನು ಮನೆ ಬಿಟ್ಟಾಗ ನಾಕೂವರೆ.
ನಾಕು ಹೆಜ್ಜೆ ದಾರಿ.
ಆರರ ಆಟಕ್ಕೆ ಬೇಗ ಬಂದೆ ಅಂದ್ಕೊಂಡರೆ
ಆಗಲೇ ಹೆಸರು ಬೀಳುತಿತ್ತು."
ಮತ್ತೇನೂ ಹೇಳಲಿಲ್ಲ.
ನನ್ನ ಬ್ಯಾಟರಿಯ ಬೆಳಕು ಅವರ ಕಾಲ ಬಳಿ ಬಿದ್ದಿತ್ತು.
ಆರಿಸಲು ತೋಚಲಿಲ್ಲ.

ಮುಂದಿನ ಗುರುವಾರ ಮತ್ತೆ ಬಂದರು, ಅದೇ ಸಿನಿಮಾಕ್ಕೆ.
ಎಡಗೈಯಲ್ಲಿ ಗಂಡಸರ ದೊಡ್ಡ ವಾಚು,
ಪಟ್ಟಿಗೆ ಹೊಸದಾಗಿ ಚುಚ್ಚಿದ ತೂತು.
ಲಾಂಚು ಹೊತ್ತಿಗೆ ಸರಿಯಾಗಿ ಬಂತು.
ಇನಾಸ್ ಮಾಮ ಕೊನೇ ರೀಲು ಏರಿಸುವಾಗ
ಮಾಲಿನಿಬಾಯಿ ಎದ್ದು, ಸೆರಗು ಕೊಡವಿ,
ನನ್ನ ಬೆಳಕಿಗೂ ಕಾಯದೆ
ಬಾಗಿಲು ದಾಟಿದರು.

ಒಳಗೆ ಇನ್ಸ್‌ಪೆಕ್ಟರನಿಗೆ
ಆಗಷ್ಟೇ ಎಲ್ಲ ಗೊತ್ತಾಗುತ್ತಿತ್ತು.