ಸೊನ್ನೆ ಸೆಂಟ್

ಬೆಳಗ್ಗೆ ಎಂಟಕ್ಕೆ ಮಳೆಮಾಪಕದ ಮುಚ್ಚಳ ತೆಗೆದು
ಗಾಜಿನ ಕೊಳವೆಗೆ ನೀರು ಸುರಿದು
ಕಣ್ಣಿನ ಮಟ್ಟಕ್ಕೆ ಹಿಡಿದು ಬರೆಯುತ್ತೇನೆ:
ಇಂಚು ಇಷ್ಟು, ಸೆಂಟ್ ಇಷ್ಟು.
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ,
ಸುಂಟಿಕೊಪ್ಪದ ಈಚೆ, ತೋಟದ ಆಫೀಸಿನ ಮುಂದೆ.
ಲೈನ್‌ಮನೆಯವರು ನನ್ನನ್ನು ರೈಟರಮ್ಮ ಅನ್ನುತ್ತಾರೆ.

ಕೆಲಸ ಕಲಿಸಿದ ಮುದುಕ ಚಿಣ್ಣಪ್ಪ ರೈಟರ್
ಮೊದಲ ವಾರವೇ ಗದರಿದ್ದರು:
"ಮಳೆ ಬಾರದ ದಿನ ಖಾಲಿ ಬಿಟ್ಟಿದ್ದೀಯಲ್ಲ, ಯಾಕೆ?
ಸೊನ್ನೆ ಬರಿ.
ಸೊನ್ನೆ ಅಂದರೆ ನೋಡಿದೆ, ಇರಲಿಲ್ಲ ಅಂತ.
ಖಾಲಿ ಅಂದರೆ ನೋಡಲೇ ಇಲ್ಲ ಅಂತ."

ಭಾನುವಾರ ಸಂತೆಯಿಂದ ಬಂದು
ಒಣಮೀನು ಅಟ್ಟಕ್ಕೆ ಸಿಕ್ಕಿಸಿ, ಕಾಲು ತೊಳೆದು,
ಅದೇ ಪುಸ್ತಕವನ್ನು ತಲೆಕೆಳಗು ಮಾಡಿದರೆ
ಹಿಂದಿನ ಪುಟದಿಂದ ನನ್ನ ಲೆಕ್ಕ.
ಹುತ್ತರಿಯ ಮರುದಿನ ಎಳೆದ ಮೂರು ಗೆರೆ:
ಹೊಗೆಸೊಪ್ಪು ಬಿಡುವುದು.
ಕಂಪ್ಯೂಟರಿನಲ್ಲಿ ಹಾಜರಿ ಹಾಕಲು ಕಲಿಯುವುದು.
ಲೀಲಕ್ಕನ ಹತ್ತಿರ ಮಾತಾಡುವುದು.

ಹೊಗೆಸೊಪ್ಪು ಏರಿತು, ಇಳಿಯಿತು.
ಕಾಫಿ ಕುಯ್ಲಿನ ವಾರ ದಿನಕ್ಕೆ ಆರು ಸಲ,
ಹಲ್ಲು ನೋವಿನ ವಾರ ಒಂದೂ ಇಲ್ಲ.
ಅದು ನನ್ನ ಗೆಲುವಲ್ಲ, ಹಲ್ಲಿನದು
ಅಂತ ಪಕ್ಕದಲ್ಲೇ ಬರೆದಿದ್ದೇನೆ.
ಕಂಪ್ಯೂಟರ್ ಈಗ ನನ್ನ ಬೆರಳಿಗೆ ಅಷ್ಟು ಹೆದರುವುದಿಲ್ಲ.
ಮೊನ್ನೆ ಮೂವತ್ತೆರಡು ಜನರ ಹೆಸರು ಹೊಡೆದೆ,
ಮುತ್ತ ಒಬ್ಬ ಎರಡು ಸಲ ಬಂದುಬಿಟ್ಟ.
"ಎರಡು ಕೂಲಿ ಕೊಡಿ ಮತ್ತೆ" ಅಂತ ನಕ್ಕ.

ಮೂರನೆಯ ಗೆರೆ
ಹದಿಮೂರು ವಾರದಿಂದ ಖಾಲಿ.

ಅವ್ವನ ಹೊಲಿಗೆ ಮೆಷಿನ್ ನೀನೇ ಇಟ್ಟುಕೊಂಡೆ ಅಂದಿದ್ದಳು.
ನಾನು ಅಂದದ್ದನ್ನು
ಈ ಪುಟದಲ್ಲಿ ಕೂಡ ಬರೆಯಲಾರೆ.

ಈ ಸಂಜೆ ಆ ಬಿಳಿಯನ್ನೇ ನೋಡುತ್ತ ಕೂತೆ.
ಪೆನ್ನು ಝಾಡಿಸಿ ಒಂದೊಂದೇ ಇಟ್ಟೆ,
ಹದಿಮೂರು ಸೊನ್ನೆ.
ಗುಂಡಗೆ ಬರಲಿಲ್ಲ ಕೆಲವು.
ಆಮೇಲೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ,
ಸಿಗ್ನಲ್ ಸಿಗುವುದು ಅಲ್ಲೇ,
ಶನಿವಾರಸಂತೆಗೆ ಫೋನು ಹಚ್ಚಿದೆ.

"ಯಾರು?"
"ನಾನು."
ತುಂಬ ಹೊತ್ತು ಅವಳ ಮನೆಯ ಕುಕ್ಕರಿನ ಸದ್ದು.
"ಅಲ್ಲಿ ಮಳೆ ಆಯ್ತಾ?" ಅಂದಳು.
"ಇಲ್ಲ. ಮೋಡ ಇದೆ."
ಅಷ್ಟರಲ್ಲಿ ಲೈನು ಹೋಯಿತು,
ಅಥವಾ ಇಟ್ಟಳು.

ಹೂಮಳೆ ಒಂದು ಇಂಚಾದರೂ ಬರಬೇಕು,
ಕಮ್ಮಿಯಾದರೆ ಮೊಗ್ಗು ಅರೆಬಿರಿದು ಕರಟುತ್ತದೆ,
ತೋಟದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.
ಗೊತ್ತಿದ್ದೂ ಬರೆದೆ:

ಭಾನುವಾರ. ಎರಡು ಸೆಂಟ್.